ಒಂದೇ ಕಾಲಿನ ಬಾವು

ನಮ್ಮ ಕಂಪ್ಲಿ ಕಡೆ ಬಸುರಿಯ ಕಾಲು ಬಾತರೆ ಯಾರೂ ಗಾಬರಿಯಾಗುವುದಿಲ್ಲ. ಎರಡೂ ಪಾದ ಸಂಜೆಗೆ ಒಂದಿಷ್ಟು ಊದುವುದು ಸಾಮಾನ್ಯವೇ, ಬಿಪಿ ಒಮ್ಮೆ ನೋಡಿಸಿದರಾಯಿತು. ನಾನು ಎಡವಿದ್ದು ಒಂದೇ ಕಾಲಿನ ಬಾವಿನಲ್ಲಿ.

ಚೊಚ್ಚಲ ಹೆರಿಗೆಗೆ ಸಂಡೂರಿನಿಂದ ಬಂದಿದ್ದ ಮಗಳು, “ಅಮ್ಮಾ, ಎಡಗಾಲು ಒಂದೇ ಊದೈತೆ, ಮೀನಖಂಡ ಹಿಡ್ದಂಗಾಗೈತೆ” ಅಂದಳು. “ಬಸ್ನಾಗೆ ಕುಂತು ಬಂದೀಯಲ್ಲ, ಅದಕ್ಕೇ” ಎಂದವಳೇ ಕೊಬ್ಬರಿ ಎಣ್ಣೆ ಬಿಸಿಮಾಡಿ ಗಸಗಸ ತಿಕ್ಕಿದೆ. ಹೆತ್ತು ಸಾಕಿದವಳು, ನನಗೆ ಗೊತ್ತಿಲ್ಲದ್ದೇನು ಎಂಬ ಗರ್ವ ಬೇರೆ. ಬೆಳಿಗ್ಗೆ ನೋಡಿದರೆ ಎಡಗಾಲಿನ ಬೆಳ್ಳಿ ಚೈನು ಚರ್ಮದೊಳಗೆ ಕಚ್ಚಿಕೊಂಡಿತ್ತು, ಬಲಗಾಲಿನದು ಸಡಿಲವಾಗಿ ಜೋತಿತ್ತು. ಮುಟ್ಟಿದರೆ ಬಿಸಿ, ತೊಡೆಯವರೆಗೂ ಬಿಗಿತ.

ಹೊಸಪೇಟೆಯಲ್ಲಿ ಡಾಪ್ಲರ್ ಸ್ಕ್ಯಾನ್ ಆಯಿತು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎಣ್ಣೆ ತಿಕ್ಕಿದ ಸುದ್ದಿ ಕೇಳಿ ಡಾಕ್ಟರಮ್ಮ ಸುಮ್ಮನೆ ನನ್ನ ಮುಖ ನೋಡಿದರು. ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತಂತೆ. ಹೆರಿಗೆಯಲ್ಲಿ ರಕ್ತ ಹರಿದು ಹೋಗದಿರಲೆಂದು ಬಸುರಿಯ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಜೊತೆಗೆ ಬೆಳೆದ ಗರ್ಭಕೋಶ ನಾಳಗಳನ್ನು ಅದುಮುತ್ತದೆ. ಹೊಟ್ಟೆಯೊಳಗೆ ಎಡಗಾಲಿನ ನಾಳದ ಮೇಲೆ ಅಪಧಮನಿಯೊಂದು ಹಾದುಹೋಗುವುದರಿಂದ ಬಸುರಿಯರಲ್ಲಿ ಈ ತೊಂದರೆ ಹೆಚ್ಚಾಗಿ ಎಡಗಾಲಿಗೇ.

ಚುಚ್ಚುಮದ್ದು ಬೇಕೆಂದಾಗ, ಮಾತ್ರೆ ಸಾಲದೇ ಎಂದು ಕೇಳಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಮಾಸು ದಾಟಿ ಮಗುವಿಗೆ ಕೆಡುಕು ಮಾಡಬಲ್ಲದು, ಹೆಪಾರಿನ್ ದಾಟುವುದಿಲ್ಲ. ಹಾಗಾಗಿ ದಿನಕ್ಕೆರಡು ಬಾರಿ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಹೆಪಾರಿನ್ ಜಾತಿಯ ಎನಾಕ್ಸಪಾರಿನ್ ಚುಚ್ಚುಮದ್ದು. ಮೊದಮೊದಲು ನನ್ನ ಕೈಯೇ ನಡುಗುತ್ತಿತ್ತು, ಆಮೇಲೆ ಮಗಳೇ ಕಲಿತಳು. ಹೆರಿಗೆಗೆ 24 ಗಂಟೆ ಮೊದಲು ನಿಲ್ಲಿಸಿ, ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಮತ್ತೆ ಶುರುಮಾಡಿದರು. ಹೆರಿಗೆಯ ನಂತರ ಕನಿಷ್ಠ 6 ವಾರ ಬಿಡುವಂತಿಲ್ಲ, ಒಟ್ಟಾರೆ 3 ತಿಂಗಳಿಗೆ ಕಡಿಮೆಯಾಗಬಾರದು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತದೆ ಎಂದು ಓಣಿಯವರು ಹೇಳಿದಾಗ ಮಾತ್ರ ನಾನು ಕಿವಿಗೊಡಲಿಲ್ಲ. ಬಾಣಂತಿಯರ ಮಿದುಳಿನ ನಾಳಗಳಲ್ಲಿ ಕಟ್ಟುವ ಹೆಪ್ಪನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ನೋಡುತ್ತ ಬಂದಿದ್ದಾರೆ. ನೀರು ಕಡಿಮೆಯಾದರೆ ಆ ಅಪಾಯ ಹೆಚ್ಚು. ನಿಮ್ಮ ಮನೆಯ ಬಾಣಂತಿಗೆ ತಲೆ ಸಿಡಿಯುವ ನೋವೋ, ಫಿಟ್ಸೋ, ಏದುಸಿರೋ ಬಂದರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.