ಗೌರಿ ಹೂವಿನ ಗೆಡ್ಡೆ

ಬೆಂಗಳೂರಿನ ನಮ್ಮ ಮನೆಯ ತಾರಸಿಯ ಮೇಲೆ, ವರ್ಷದಲ್ಲಿ ಆರು ತಿಂಗಳು ಬರಿಯ ಮಣ್ಣು ತುಂಬಿಕೊಂಡು ಕುಳಿತಿರುವ ಕುಂಡವೊಂದಿದೆ. "ಒಂದಿಷ್ಟು ಕೊತ್ತಂಬರಿಯಾದರೂ ಹಾಕಬಾರದೇ?" ಎಂದು ಬುದ್ಧಿ ಹೇಳದೆ ಹೋದ ನೆಂಟರಿಲ್ಲ. ಅದರೊಳಗೆ ಗೌರಿ ಹೂವಿನ ಗೆಡ್ಡೆ ಮಲಗಿದೆಯೆಂದು ನಾನು ಹೇಳುವುದು, ಅವರು ನನ್ನ ಮುಖ ನೋಡುವುದು, ಇದೊಂದು ವಾಡಿಕೆಯೇ ಆಗಿಬಿಟ್ಟಿದೆ.

ಸಂಸ್ಕೃತದಲ್ಲಿ ಇದು ಅಗ್ನಿಶಿಖೆ. ಗೆಡ್ಡೆಯ ಆಕಾರ ಕಂಡವರು ಲಾಂಗಲಿ, ಎಂದರೆ ನೇಗಿಲಿನಂಥದು, ಎಂದೂ ಕರೆದರು. 1753ರಲ್ಲಿ ಲಿನೇಯಸ್ ಪಂಡಿತನು ಕೊಟ್ಟ ‘ಗ್ಲೋರಿಯೋಸ ಸುಪರ್ಬ’ ಎಂಬ ಹೆಸರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೊಗಳಿಕೆಯೇ. ತಮಿಳುನಾಡು ಇದನ್ನು ತನ್ನ ರಾಜ್ಯದ ಹೂವಾಗಿ ಆರಿಸಿಕೊಂಡಿದೆ. ನಮ್ಮ ಮಲೆನಾಡಿನಲ್ಲಿ ಮಾತ್ರ ಇದು ಬೇಲಿಯ ಹೂವು. ಯಾರೂ ನೆಡುವುದಿಲ್ಲ, ಯಾರೂ ನೀರೆರೆಯುವುದಿಲ್ಲ; ಗೌರಿಹಬ್ಬದ ಹೊತ್ತಿಗೆ ತಾನಾಗಿ ಅರಳಿ ನಿಂತಿರುತ್ತದೆ.

2018ರಲ್ಲಿ ಸಾಗರದ ಕಡೆಯ ನನ್ನ ಅಕ್ಕನ ಮನೆಯ ಬೇಲಿಯಿಂದ ಎರಡು ಗೆಡ್ಡೆ ತಂದೆ. "ತುದಿ ಮುರೀಬೇಡವೋ, ಅದರ ಕಣ್ಣಿರೋದೇ ಅಲ್ಲಿ" ಎಂದು ಎಚ್ಚರಿಸಿಯೇ ಅಕ್ಕ ಕೊಟ್ಟಿದ್ದಳು. ಬಸ್ಸಿನ ನೂಕುನುಗ್ಗಲಿನಲ್ಲಿ ಒಂದರ ತುದಿ ಮುರಿಯಿತು. ಅದು ಮೊಳೆಯಲೇ ಇಲ್ಲ. ಇನ್ನೊಂದು ಒಂದೇ ಒಂದು ಹೂ ಬಿಟ್ಟು, ಮಳೆಗಾಲ ಮುಗಿಯುತ್ತಲೇ ಹಳದಿಗೆ ತಿರುಗಿತು. ಬಾಯಾರಿರಬೇಕೆಂದು ನಾನು ದಿನಕ್ಕೆರಡು ಚೊಂಬು ನೀರು ಸುರಿದೆ. ಕೊನೆಗೆ ಮಣ್ಣು ಕೆದಕಿದರೆ ಕೈಗೆ ಬಂದದ್ದು ಕೊಳೆತ ಮುದ್ದೆ. ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ, "ಮಲಗಿರೋ ಮಗೂನ ಎಬ್ಬಿಸಿ ಯಾರಾದ್ರೂ ಊಟ ಹಾಕ್ತಾರೇನೋ?" ಎಂದು ಬೈದು, ಮತ್ತೊಂದನ್ನು ಕಳಿಸಿದಳು.

ಈ ಸಲ ನಾನು ಕೈಕಟ್ಟಿ ಕುಳಿತೆ. ಮುಂಗಾರಿನ ಮಳೆ ನಾಲ್ಕು ಸಲ ಬಿದ್ದ ಮೇಲೆ ಮೊಳಕೆ ತಲೆಯೆತ್ತಿತು. ಇದಕ್ಕೆ ಬೇರೆ ಕುಡಿಬಳ್ಳಿಯಿಲ್ಲ; ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಮೊಗ್ಗು ತಲೆ ತಗ್ಗಿಸಿರುತ್ತದೆ. ಅರಳುವಾಗ ಆರು ದಳಗಳೂ ಹಿಂದಕ್ಕೆ ಬಾಗಿ ಮೇಲೇಳುತ್ತವೆ. ಹಸಿರು ಹಳದಿಯಾಗಿ, ಹಳದಿ ಕೆಂಪಾಗಿ, ದೀಪದ ಕುಡಿಯ ಹಾಗೆ ನಿಲ್ಲುತ್ತದೆ.

ಆದರೆ ಈ ಚೆಲುವೆಯ ಮೈಯೆಲ್ಲ ವಿಷ. ಗೆಡ್ಡೆಯಲ್ಲೂ ಬೀಜದಲ್ಲೂ ಇರುವ ಕಾಲ್ಚಿಸಿನ್ ವೈದ್ಯರ ಕೈಯಲ್ಲಿ ಮದ್ದು. ಅರಿಯದವರ ಬಾಯಲ್ಲಿ ಮೃತ್ಯು. ಗೆಣಸೆಂದು ತಿಂದು ಪ್ರಾಣ ಬಿಟ್ಟವರಿದ್ದಾರೆ. ಒಮ್ಮೆ ನಾನು ಮಣ್ಣು ಬದಲಿಸಲೆಂದು ಗೆಡ್ಡೆಯನ್ನು ತೆಗೆದಿಟ್ಟು ನೀರಿಗೆ ಹೋಗಿ ಬರುವಷ್ಟರಲ್ಲಿ, ನಾಲ್ಕು ವರ್ಷದ ಮೊಮ್ಮಗಳು ಅದನ್ನು ಎತ್ತಿಕೊಂಡು, "ತಾತಾ, ಗೆಣಸು!" ಎಂದಳು. ಕೈ ಬಾಯಿಗೆ ಇನ್ನೊಂದು ಗೇಣು ದೂರವಿತ್ತು. ಕಿತ್ತುಕೊಂಡೆ. ಮಗು ಅತ್ತಿತು. ನನ್ನ ಕಾಲು ಬಹಳ ಹೊತ್ತು ನಡುಗುತ್ತಿತ್ತು.

"ಹೂವಿಗೇನು ಬರವೇ? ಇವತ್ತೇ ಎಸೆಯಿರಿ" ಎಂದಳು ನನ್ನಾಕೆ. ನ್ಯಾಯವಾದ ಮಾತು. ಎಸೆಯಲೆಂದೇ ಕಾಗದದಲ್ಲಿ ಸುತ್ತಿದ್ದೆ. ಅದೇ ಸಂಜೆ ಅಕ್ಕನ ಫೋನು ಬಂತು. ಮಗ ಹೊಸದಾಗಿ ಕಾಂಪೌಂಡು ಕಟ್ಟಿಸುತ್ತಿದ್ದಾನಂತೆ. ಜೇಸಿಬಿ ಯಂತ್ರ ಒಂದೇ ಬೆಳಗಿಗೆ ಬೇಲಿಯನ್ನು ಮಣ್ಣು ಸಮೇತ ಲಾರಿಗೆ ತುಂಬಿತಂತೆ. "ಗೋಡೆ ಚೆನ್ನಾಗೇ ಇದೆ ಕಣೋ. ಗೌರಿಗೆ ಈ ಸಲ ಪೇಟೆ ಹೂವೇ ಗತಿ" ಎಂದು ನಕ್ಕಳು. ಆ ನಗು ಅವಳದಾಗಿರಲಿಲ್ಲ.

ನನ್ನಾಕೆ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದಳು. ಮರುದಿನ ಕುಂಡ ಅಂಗಳದಿಂದ ತಾರಸಿಗೆ ಏರಿತು. ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಅವಳ ಸೊಂಟ ಸೇರಿತು. ನಾನು ಹೂ ನೋಡಬೇಕಾದರೆ ಈಗ ಅವಳ ಅಪ್ಪಣೆ ಬೇಕು. ಗೆಡ್ಡೆ ಮುಟ್ಟುವುದಾದರೆ ಕೈಗವಸು ಬೇಕು, ಆಮೇಲೆ ಸೋಪು ಬೇಕು. ಮೊಮ್ಮಗಳು ಕೂಡ "ಅದು ಗೌರಿದು, ನಮ್ಮದಲ್ಲ" ಎಂದು ಕಲಿತಿದ್ದಾಳೆ.

ಪ್ರತಿವರ್ಷ ಹಳೆಯ ಗೆಡ್ಡೆ ಸುಕ್ಕಿ ಸತ್ತು, ತನ್ನ ಜಾಗದಲ್ಲಿ ಹೊಸದನ್ನು ಬಿಟ್ಟುಹೋಗುತ್ತದೆ. ಕಳೆದ ಪುಷ್ಯದಲ್ಲಿ ಅಗೆದಾಗ ಹೊಸ ಗೆಡ್ಡೆ ಎರಡು ತೋಳು ಚಾಚಿತ್ತು. ಎರಡರ ತುದಿಯಲ್ಲೂ ಕಣ್ಣು. ನಡುವೆ ಬಿಡಿಸಿ, ಒಂದನ್ನು ಹತ್ತಿಯಲ್ಲಿ ಸುತ್ತಿ, ಈ ಸಲ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋಗಿ ಅಕ್ಕನಿಗೆ ಕೊಟ್ಟೆ. ಹೊಸ ಗೋಡೆಯ ಬುಡದಲ್ಲಿ ಅವಳೇ ನೆಟ್ಟಳು.

ತಿಂಗಳು ಕಳೆದಿರಲಿಲ್ಲ, ಫೋನು ಬಂತು. "ದಿನಾ ನೀರು ಹಾಕ್ತಿದೀನಿ ಕಣೋ, ಇನ್ನೂ ಮೊಳಕೇನೇ ಇಲ್ಲ. ಕೆದಕಿ ನೋಡ್ಲಾ?"

"ಬೇಡ ಅಕ್ಕಾ" ಎಂದೆ. "ಮಲಗಿದೆ, ಮಲಗಲಿ ಬಿಡು."