ಅಣ್ಣನ ಹೆಗಲು, ಅಣ್ಣನ ಹೃದಯ

ಘಾಟಿ ಸುಬ್ರಹ್ಮಣ್ಯ,
ದೊಡ್ಡಬಳ್ಳಾಪುರ ತಾಲ್ಲೂಕು



ನಿಮ್ಮ ಕಾಗದ ಬಂತು. ಅಣ್ಣನವರಿಗೆ ಬೈಪಾಸ್ ಆಗಬೇಕೆಂದು ಗೊತ್ತಾದಾಗಿನಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ ಎಂದು ಬರೆದಿದ್ದೀರಿ. ‘ಎದೆಯೊಳಗಿನ ರಕ್ತನಾಳವನ್ನೇ ಹೃದಯಕ್ಕೆ ಜೋಡಿಸುತ್ತೇವೆ’ ಎಂದು ಡಾಕ್ಟರು ಹೇಳಿದ ಮಾತು ನಿಮ್ಮನ್ನು ಕಾಡುತ್ತಿದೆ. ಆ ರಕ್ತ ಹೃದಯಕ್ಕೆ ಹೋದರೆ ಎದೆಯ ಗತಿಯೇನು? ಎಡಹೆಗಲು ಸೋತುಹೋಗುವುದಿಲ್ಲವೇ? ವರ್ಷವರ್ಷವೂ ಹಳ್ಳಿಕಾರ್ ಹೋರಿಗಳನ್ನು ಹೊಡೆದುಕೊಂಡು ಘಾಟಿ ದನಗಳ ಜಾತ್ರೆಗೆ ಬರುತ್ತಿದ್ದ ಮನುಷ್ಯ ಮತ್ತೆ ಹಗ್ಗ ಹಿಡಿಯಬಹುದೇ? ಮೂರೂ ಒಳ್ಳೆಯ ಪ್ರಶ್ನೆಗಳು. ಹೆಗಲಿಗೂ ಎದೆಗೂ ರಕ್ತ ಹೇಗೆ ಹರಿಯುತ್ತದೆ ಎಂದು ತಿಳಿದರೆ ನಿಮ್ಮ ಭಯ ಅರ್ಧ ಇಳಿಯುತ್ತದೆ ಎಂಬ ನಂಬಿಕೆಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಣ್ಣನವರಿಗೆ ಆಂಜಿಯೋಗ್ರಾಮ್ ಮಾಡಿದ್ದು ಬಲಗೈ ಮಣಿಕಟ್ಟಿನಿಂದ ಎಂದಿದ್ದೀರಿ. ಆ ಸಣ್ಣ ನಳಿಕೆ ಹೋದ ದಾರಿಯನ್ನೇ ಹಿಡಿಯೋಣ. ನಾಡಿ ನೋಡುವ ಜಾಗದಲ್ಲಿ ಒಳಹೊಕ್ಕು, ಮೊಣಕೈ ದಾಟಿ, ರೆಟ್ಟೆಯ ಒಳಬದಿಯ ಬ್ರೇಕಿಯಲ್ ಅಪಧಮನಿಯಲ್ಲಿ ಅದು ಮೇಲೇರಿತು. ಕಂಕುಳಿಗೆ ಬಂದಾಗ ಅದೇ ನಾಳದ ಹೆಸರು ಆಕ್ಸಿಲರಿ. ಮೊದಲ ಪಕ್ಕೆಲುಬಿನ ಅಂಚು ದಾಟಿ ಕಾಲರ್ ಬೋನಿನ ಹಿಂದಕ್ಕೆ ಸರಿದರೆ ಸಬ್‌ಕ್ಲೇವಿಯನ್. ಹೆಸರು ಮೂರಾದರೂ ನಾಳ ಒಂದೇ. ಅಲ್ಲಿಂದ ಮಹಾಪಧಮನಿಗೆ, ಮಹಾಪಧಮನಿಯಿಂದ ಹೃದಯದ ಬಾಗಿಲಿಗೆ. ಮಣಿಕಟ್ಟಿನಿಂದ ಹೃದಯದ ನಾಳಗಳನ್ನು ನೋಡುವ ಈ ಕ್ರಮವನ್ನು ಮಾಂಟ್ರಿಯಲ್‌ನ ಲೂಸಿಯನ್ ಕ್ಯಾಂಪೋ 1989ರಲ್ಲಿ ವರದಿ ಮಾಡಿದರು. ಅದಕ್ಕೂ ಮೊದಲು ಹೆಚ್ಚಾಗಿ ತೊಡೆಸಂದಿನಿಂದಲೇ ಹೋಗುತ್ತಿದ್ದರು.

ಎಡಗಡೆಯೂ ದಾರಿ ಹೀಗೆಯೇ. ವ್ಯತ್ಯಾಸ ಹುಟ್ಟುವ ಜಾಗದಲ್ಲಿ ಮಾತ್ರ: ಬಲ ಸಬ್‌ಕ್ಲೇವಿಯನ್ ಕುತ್ತಿಗೆಯ ನಾಳದ ಜೊತೆ ಒಂದೇ ಕಾಂಡದಿಂದ ಕವಲೊಡೆದರೆ, ಎಡದ್ದು ಮಹಾಪಧಮನಿಯ ಕಮಾನಿನಿಂದ ನೇರವಾಗಿ ಹೊರಡುತ್ತದೆ.

ಈಗ ಹೆಗಲಿನ ವಿಷಯ. ಕಂಕುಳಿನ ಆಕ್ಸಿಲರಿ ನಾಳವನ್ನು ಪೆಕ್ಟೊರಾಲಿಸ್ ಮೈನರ್ ಎಂಬ ಎದೆಸ್ನಾಯು ಅಡ್ಡಹಾಯುತ್ತದೆ. ಸ್ನಾಯುವಿಗಿಂತ ಮೊದಲಿನ ಭಾಗದಲ್ಲಿ ಒಂದು ಕವಲು, ಅದರ ಹಿಂದಿನ ಭಾಗದಲ್ಲಿ ಎರಡು, ದಾಟಿದ ಮೇಲೆ ಮೂರು. ಒಂದು, ಎರಡು, ಮೂರು ಎಂದೇ ವೈದ್ಯ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳುವುದು. ಮೊದಲ ಮೂರು ಕವಲುಗಳು ಎದೆಯ ಮೇಲ್ಭಾಗ, ಹೆಗಲಿನ ತುದಿ ಮತ್ತು ಎದೆಯ ಪಕ್ಕೆಗಳಿಗೆ ರಕ್ತ ಕೊಡುತ್ತವೆ. ಉಳಿದ ಮೂರರಲ್ಲಿ ಎರಡು ರೆಟ್ಟೆ ಮೂಳೆಯ ಕುತ್ತಿಗೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ಬಳಸಿ ಹೋಗುತ್ತವೆ. ಎಲ್ಲಕ್ಕಿಂತ ದಪ್ಪನೆಯದು ಸಬ್‌ಸ್ಕ್ಯಾಪುಲರ್. ಬೆನ್ನಿನ ಅಗಲವಾದ ಸ್ನಾಯುವಿಗೂ ಹೆಗಲ ಹಲಗೆಯ ಮೂಳೆಗೂ ರಕ್ತ ಒಯ್ಯುವುದು ಅದೇ.

ಹೆಗಲ ಹಲಗೆಯ ಸುತ್ತ ಇನ್ನೊಂದು ಏರ್ಪಾಡಿದೆ. ಸಬ್‌ಕ್ಲೇವಿಯನ್ ಕಡೆಯಿಂದ ಬರುವ ನಾಳಗಳೂ ಆಕ್ಸಿಲರಿಯ ಸಬ್‌ಸ್ಕ್ಯಾಪುಲರ್ ಕವಲೂ ಅಲ್ಲಿ ಒಂದನ್ನೊಂದು ಕೂಡಿಕೊಳ್ಳುತ್ತವೆ. ನಡುವಿನ ಮುಖ್ಯ ನಾಳ ನಿಧಾನವಾಗಿ ಕಿರಿದಾದರೆ ರಕ್ತ ಈ ಬಳಸುದಾರಿಯಲ್ಲಿ ಕೈಗೆ ತಲುಪುತ್ತದೆ. ನಾಳ ಒಮ್ಮೆಲೇ ಕತ್ತರಿಸಿಹೋದರೆ ಮಾತ್ರ ಈ ಸಣ್ಣ ನಾಳಗಳಿಗೆ ಹಿಗ್ಗಲು ಸಮಯವಿರುವುದಿಲ್ಲ.

ಅಣ್ಣನವರ ಬೈಪಾಸಿಗೆ ಬಳಸುವ ನಾಳ ಇವುಗಳಲ್ಲಿ ಯಾವುದೂ ಅಲ್ಲ. ಸಬ್‌ಕ್ಲೇವಿಯನ್ ಇನ್ನೂ ಹೆಗಲಿಗೆ ಹೊರಳುವ ಮೊದಲೇ ಅದರ ಕೆಳಮೈಯಿಂದ ಒಂದು ಕವಲು ಎದೆಯೊಳಕ್ಕೆ ಇಳಿಯುತ್ತದೆ. ಅದೇ ಇಂಟರ್ನಲ್ ಥೊರಾಸಿಕ್. ಆಸ್ಪತ್ರೆಯಲ್ಲಿ ಇಂಟರ್ನಲ್ ಮ್ಯಾಮರಿ ಎನ್ನುವುದೇ ಹೆಚ್ಚು. ಎದೆಮೂಳೆಯ ಅಂಚಿಗೆ ಸುಮಾರು ಒಂದು ಬೆರಳಗಲ ದೂರದಲ್ಲಿ, ಪಕ್ಕೆಲುಬುಗಳ ಒಳಮೈಗೆ ಅಂಟಿಕೊಂಡು, ಆರನೆಯ ಪಕ್ಕೆಲುಬಿನ ಸಂದಿನವರೆಗೆ ಇಳಿದು ಅದು ಎರಡಾಗುತ್ತದೆ. ಇಲ್ಲಿನ ಗುಡಿಯಲ್ಲಿ ಸುಬ್ರಹ್ಮಣ್ಯನ ಬೆನ್ನಿಗೆ ನರಸಿಂಹನಿದ್ದಾನೆ, ಮುಂದೆ ನಿಂತವರಿಗೂ ಅವನ ದರ್ಶನವಾಗಲೆಂದು ಹಿಂದೆ ಕನ್ನಡಿ ಇಟ್ಟಿದ್ದಾರೆ, ನೀವೂ ನೋಡಿದ್ದೀರಿ. ಈ ನಾಳವೂ ಹಾಗೆ ಎದೆಗೋಡೆಯ ಹಿಂಬದಿಯದು. ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಎಡ ಅರ್ಧವನ್ನು ಮೇಲೆತ್ತಿ, ಅದರ ಒಳಮೈ ನೋಡಿದಾಗಲೇ ಸರ್ಜನ್‌ಗೆ ಕಾಣುವುದು.

ಇದನ್ನು ಹೃದಯಕ್ಕೆ ಒಯ್ಯುವ ಯೋಚನೆ ಒಂದೇ ದಿನದಲ್ಲಿ ಬಂದದ್ದಲ್ಲ. 1950ರಲ್ಲಿ ಮಾಂಟ್ರಿಯಲ್‌ನ ಆರ್ಥರ್ ವೈನ್‌ಬರ್ಗ್ ಇದರ ತುದಿಯನ್ನು ರೋಗಿಯ ಹೃದಯದ ಮಾಂಸದೊಳಗೇ ಹುದುಗಿಸಿದರು. 1964ರಲ್ಲಿ ಲೆನಿನ್‌ಗ್ರಾಡಿನ ವಾಸಿಲಿ ಕೊಲೆಸೊವ್ ಇದನ್ನು ಹೃದಯದ ನಾಳಕ್ಕೇ ಹೊಲಿದು ಜೋಡಿಸಿದರು. 1986ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಫ್ಲಾಯ್ಡ್ ಲೂಪ್ ಮತ್ತು ಸಂಗಡಿಗರು, ಈ ನಾಳ ಪಡೆದವರು ಕಾಲಿನ ನಾಳ ಮಾತ್ರ ಪಡೆದವರಿಗಿಂತ ಹೆಚ್ಚು ಕಾಲ ಬದುಕಿದ್ದನ್ನು ಹತ್ತು ವರ್ಷಗಳ ಲೆಕ್ಕದೊಂದಿಗೆ ತೋರಿಸಿಕೊಟ್ಟರು. ಕಾಲಿನಿಂದ ತೆಗೆದದ್ದು ಸಿರೆ. ಅಪಧಮನಿಯ ಒತ್ತಡ ಅದಕ್ಕೆ ಹೊಸದು, ಹತ್ತು ವರ್ಷದೊಳಗೆ ಅವುಗಳಲ್ಲಿ ಅರ್ಧದವರೆಗೂ ಮುಚ್ಚಿಹೋಗಬಹುದು. ಈ ಎದೆಯ ನಾಳದಲ್ಲಿ ಕೊಬ್ಬು ಕಟ್ಟುವುದು ಅಪರೂಪ. ಹತ್ತು ವರ್ಷದ ಮೇಲೂ ನೂರರಲ್ಲಿ ತೊಂಬತ್ತರಷ್ಟು ತೆರೆದೇ ಇರುತ್ತವೆ. ಹೃದಯದ ಮುಂಭಾಗಕ್ಕೆ ಅನ್ನವಿಡುವ ಎಲ್‌ಎಡಿ ನಾಳಕ್ಕೆ ಇದನ್ನೇ ಜೋಡಿಸುವುದು ಅದಕ್ಕಾಗಿ.

ಹಾಗಾದರೆ ಎದೆಯ ಗತಿ? ಪಕ್ಕೆಲುಬಿನ ಸಂದಿಗಳಿಗೆ ಬೆನ್ನಿನ ಕಡೆಯಿಂದ ಮಹಾಪಧಮನಿಯೂ ನಾಳಗಳನ್ನು ಕಳಿಸುತ್ತದೆ, ಕಂಕುಳಿನ ಕಡೆಯಿಂದ ಆಕ್ಸಿಲರಿಯ ಕವಲುಗಳೂ ಬರುತ್ತವೆ. ಎದೆಗೋಡೆ ಅವುಗಳಿಂದ ಬದುಕುತ್ತದೆ. ನಷ್ಟವೇ ಇಲ್ಲವೆಂದಲ್ಲ: ಎದೆಮೂಳೆಯ ಎಡ ಅರ್ಧಕ್ಕೆ ಕೆಲವು ವಾರ ರಕ್ತ ಕಡಿಮೆ. ಎರಡೂ ಬದಿಯ ನಾಳ ತೆಗೆದರೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದರೆ, ಗಾಯ ಕೀವಾಗುವ ಅಪಾಯ ಹೆಚ್ಚುತ್ತದೆ. ಅಣ್ಣನವರ ಸಕ್ಕರೆಯ ಲೆಕ್ಕವನ್ನು ಸರ್ಜನ್ ಎದುರಿಗೆ ತಪ್ಪದೆ ಹೇಳಿ. ಎಡ ಎದೆಯ ಚರ್ಮ ಕೆಲವು ತಿಂಗಳು ಜೋಮು ಹಿಡಿದಂತಿದ್ದರೆ ಹೆದರಬೇಡಿ, ಅದು ಸಣ್ಣ ನರಗಳಿಗಾದ ಪೆಟ್ಟು.

ಹೆಗಲಿಗೆ ಹೋಗುವ ನಾಳವನ್ನು ಯಾರೂ ಮುಟ್ಟುವುದಿಲ್ಲ, ಅದರ ಬಲ ಅದಕ್ಕಿರುತ್ತದೆ. ಹಗ್ಗಕ್ಕೆ ಅವಸರ ಬೇಡವೆನ್ನುವುದು ಮೂಳೆಯ ಕಾರಣಕ್ಕೆ. ಸೀಳಿದ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಹೋರಿ ಒಮ್ಮೆ ಜಗ್ಗಿದರೂ ಕಟ್ಟಿದ ತಂತಿ ಸಡಿಲವಾದೀತು. ಡಿಸೆಂಬರಿನ ಜಾತ್ರೆಯ ಹೊತ್ತಿಗೆ ಆ ಕಾಲ ಕಳೆದಿರದಿದ್ದರೆ ಈ ಸಲ ಹೋರಿಗಳನ್ನು ಮಕ್ಕಳು ಹಿಡಿದು ತರಲಿ, ಅಣ್ಣ ಪಕ್ಕದಲ್ಲಿ ನಡೆಯಲಿ.

ಇಷ್ಟೆಲ್ಲ ಬರೆದದ್ದು ಮುಂದಿನ ಒಂದು ಮಾತಿಗಾಗಿ. ಸರ್ಜನ್ ಈ ನಾಳದ ಕೆಳತುದಿಯನ್ನು ಮಾತ್ರ ಬಿಡಿಸಿ ಹೃದಯಕ್ಕೆ ಹೊಲಿಯುತ್ತಾರೆ. ಬುಡ ಸಬ್‌ಕ್ಲೇವಿಯನ್‌ನಲ್ಲೇ ಉಳಿಯುತ್ತದೆ. ಅಂದರೆ ಇನ್ನು ಮುಂದೆ ಅಣ್ಣನವರ ಹೃದಯದ ಮುಂಭಾಗಕ್ಕೂ ಎಡಗೈಗೂ ರಕ್ತ ಕೊಡುವ ನಾಳ ಒಂದೇ. ಬುಡಕ್ಕಿಂತ ಮೊದಲು ಅದು ಕಿರಿದಾದರೆ, ಎಡಗೈ ದುಡಿಯುವಾಗ ರಕ್ತ ಹೃದಯದಿಂದ ಕೈಯ ಕಡೆಗೆ ಹಿಂದಿರುಗಿ ಎದೆನೋವು ಬರಬಹುದು. ಹಾಗಾಗುವುದು ವಿರಳ, ಪತ್ತೆ ಮಾಡುವುದು ಸುಲಭ: ಎರಡೂ ತೋಳಿನಲ್ಲಿ ಬಿಪಿ ನೋಡಬೇಕು. ಮೇಲಿನ ಅಂಕಿ ಬಲಕ್ಕಿಂತ ಎಡದಲ್ಲಿ 15 ಅಥವಾ ಅದಕ್ಕೂ ಹೆಚ್ಚು ಇಳಿದಿದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಸಬ್‌ಕ್ಲೇವಿಯನ್ ಕೆಡಲು ದೊಡ್ಡ ಕಾರಣಗಳಲ್ಲಿ ಹೊಗೆಸೊಪ್ಪೂ ಒಂದು. ಬೀಡಿ ಬಿಡಬೇಕೆಂದು ಈ ಸಲ ಅಣ್ಣನವರಿಗೆ ನನ್ನ ಹೆಸರು ಹೇಳಿಯೇ ಹೇಳಿ, ಬೈದರೆ ನನ್ನನ್ನು ಬೈಯಲಿ.

ಆಪರೇಷನ್ನಿಗೆ ಮೊದಲೇ ಎರಡೂ ತೋಳಿನ ಅಂಕಿಗಳನ್ನು ದಿನಾಂಕದ ಸಮೇತ ಬರೆದಿಟ್ಟುಕೊಳ್ಳಿ, ಆಮೇಲೆ ಪ್ರತಿ ತಪಾಸಣೆಯಲ್ಲೂ ಅದರ ಕೆಳಗೆ ಹೊಸದನ್ನು ಸೇರಿಸಿ. ಮೊದಲ ಸಾಲು ಬರೆದ ದಿನವೇ ನನಗೂ ಒಂದು ಕಾಗದ ಹಾಕಿ.

ಅತ್ತಿಗೆಯವರಿಗೆ ಧೈರ್ಯ ಹೇಳಿ.

ಇತಿ,
ನಿಮ್ಮ ಗೆಳೆಯ