ಎರಡು ಪಾಳಿಗಳ ನಡುವೆ

ತೋವಿನಕೆರೆಯಲ್ಲಿ ಬಾಲ್ಯದಲ್ಲಿ ನನ್ನ ಬಳಿ ಮದ್ರಸಾ ಪಾಠ ಕಲಿತ ಯುವಕನೊಬ್ಬ ಈಗ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ಕಳೆದ ವರ್ಷ ಒಂದು ದಿನ ಇಶಾ ನಮಾಝಿನ ಬಳಿಕ ನನ್ನನ್ನು ಮಸೀದಿಯ ಮೆಟ್ಟಿಲಲ್ಲಿ ನಿಲ್ಲಿಸಿ, "ಹಜ್ರತ್, ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಕೋಡಿಂಗ್ ಕಲಿಯಲೇ? ಸ್ವಲ್ಪ ಸಾಲ ಮಾಡಬೇಕಾಗುತ್ತದೆ" ಎಂದು ಕೇಳಿದ. ಸಾಲ ಬಡ್ಡಿಯದು. ತಂದೆಯ ಔಷಧಿಗೆ ಅವನ ಸಂಬಳವೇ ಆಧಾರ. ನಾನು ಹೆಚ್ಚು ಯೋಚಿಸದೆ, "ಇರುವ ಹಲಾಲ್ ಅನ್ನವನ್ನು ಬಿಡಬೇಡಪ್ಪಾ. ಅದೆಲ್ಲ ನಮ್ಮಂಥವರಿಗಲ್ಲ" ಎಂದುಬಿಟ್ಟೆ. ಅವನು ಸಲಾಂ ಹೇಳಿ ಹೊರಟುಹೋದ.

ಮೊದಲ ಮಾತು ಸರಿಯಾಗಿಯೇ ಇತ್ತು. ಎರಡನೆಯದು ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಹಗಲು ಮಕ್ಕಳಿಗೆ ಪಾಠ ಹೇಳಿ ರಾತ್ರಿ ಪಂಪ, ರನ್ನರನ್ನು ಓದಿ ನಾನು ಕನ್ನಡದಲ್ಲಿ ಬಿ.ಎ. ಮಾಡುತ್ತಿದ್ದಾಗ ನನಗೂ ಕೆಲವರು ಇದನ್ನೇ ಹೇಳಿದ್ದರು. ಅಷ್ಟಕ್ಕೂ, ಇಂದಿನ 'ಅಲ್ಗಾರಿದಮ್' ಎಂಬ ಪದ ಹುಟ್ಟಿದ್ದೇ ಒಂಬತ್ತನೆಯ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ. ಅವರ ಬೀಜಗಣಿತ ಗ್ರಂಥದ ದೊಡ್ಡ ಭಾಗವೊಂದು ಉಯಿಲು ಮತ್ತು ವಾರೀಸು ಹಂಚಿಕೆಯ ಲೆಕ್ಕಗಳಿಗೇ ಮೀಸಲು.

ಉಳಿದದ್ದು ಸಮಯದ ಪ್ರಶ್ನೆ. ಸಹೀಹ್ ಬುಖಾರಿಯ ಜ್ಞಾನದ ಅಧ್ಯಾಯದಲ್ಲಿ ಉಮರ್(ರ)ರವರ ವೃತ್ತಾಂತವೊಂದಿದೆ. ಅವರು ಮದೀನಾದ ಹೊರವಲಯದ ಅವಾಲಿಯಲ್ಲಿ ವಾಸವಿದ್ದರು. ಅವರೂ ಅವರ ಅನ್ಸಾರಿ ನೆರೆಯವರೂ ಪಾಳಿ ಮಾಡಿಕೊಂಡಿದ್ದರು. ಒಂದು ದಿನ ಇವರು, ಮರುದಿನ ಅವರು ಪ್ರವಾದಿ(ಸ)ರವರ ಸನ್ನಿಧಿಗೆ ಹೋಗುವುದು. ಹೋದವರು ಅಂದಿನ ದಿವ್ಯವಾಣಿಯನ್ನೂ ಇತರ ಸುದ್ದಿಗಳನ್ನೂ ತಂದು ಇನ್ನೊಬ್ಬರಿಗೆ ತಿಳಿಸುವುದು. ಪಾಳಿ ಎಂಬ ಪದವನ್ನು ನಾವು ಕಾರ್ಖಾನೆಗೆ ಬಿಟ್ಟುಕೊಟ್ಟಿದ್ದೇವೆ. ಸಹಾಬಿಗಳು ಅದನ್ನು ಕಲಿಕೆಗೆ ಬಳಸಿದ್ದರು.

ಶುಕ್ರವಾರ ಅವನ ಮನೆಗೆ ಹೋಗಿ ಮೊದಲು ನನ್ನ ಮಾತಿಗೆ ಕ್ಷಮೆ ಕೇಳಿದೆ, ಆಮೇಲೆ ಈ ಹದೀಸ್ ಹೇಳಿದೆ. ಒಳಗಿನಿಂದ ಅವನ ಅಕ್ಕ, "ಹಾಗಾದರೆ ಇವನ ಜೊತೆಗಾರ್ತಿ ನಾನಾಗುತ್ತೇನೆ" ಎಂದಳು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದವಳು. ಅವಳ ವಿಚಾರ ನಮಗಾರಿಗೂ ಹೊಳೆದಿರಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಹಳೆಯ ಲ್ಯಾಪ್‌ಟಾಪ್ ಒಂದು ಬಂತು. ಪೈಥಾನ್ ಪಾಠಗಳು ಉಚಿತವಾಗಿಯೇ ಸಿಕ್ಕವು. ಅವನಿಗೆ ಹಗಲು ಪಾಳಿಯಿದ್ದ ವಾರ ಇಶಾದ ನಂತರ ಅವನು ಕಲಿತು ಅಕ್ಕನಿಗೆ ಹೇಳುವುದು. ರಾತ್ರಿ ಪಾಳಿಯ ವಾರ ಅವಳು ಕಲಿತು, ಬೆಳಗ್ಗೆ ಅವನು ನಿದ್ದೆಗಣ್ಣಿನಲ್ಲಿ ಚಹಾ ಕುಡಿಯುವಾಗ ಹೇಳುವುದು. ಸಾಲಿನ ಆರಂಭದಲ್ಲಿ ಬಿಡಬೇಕಾದ ಜಾಗ ತಪ್ಪಿದರೂ ಪೈಥಾನ್ ಮುಂದೆ ಹೋಗುವುದಿಲ್ಲವಂತೆ. ಎರಡು ತಿಂಗಳು ಅದರೊಡನೆಯೇ ಜಗಳವಾಯಿತು.

ಈ ಕಲಿಕೆ ತನ್ನನ್ನು ಎಲ್ಲಿಗೆ ಒಯ್ಯುತ್ತದೆಂದು ಅವನಿಗೆ ಇನ್ನೂ ತಿಳಿದಿಲ್ಲ. ಕೆಲಸವನ್ನಂತೂ ಬಿಟ್ಟಿಲ್ಲ. ಮೂಸಾ(ಅ)ರವರೂ ಮದ್‌ಯನ್‌ನತ್ತ ಹೊರಟಾಗ ತನ್ನ ಪ್ರಭು ನೇರ ದಾರಿ ತೋರುವನೆಂಬ ನಿರೀಕ್ಷೆಯೊಂದನ್ನೇ ಇಟ್ಟುಕೊಂಡಿದ್ದರು. ಅಲ್ಲಿ ತಲುಪಿ ಅವರು ಮೊದಲು ಮಾಡಿದ್ದು ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ನೀರು ಕುಡಿಸುವ ಕೆಲಸ.

ಈಚೆಗೆ ಅವನು ವಾರೀಸು ಹಂಚುವ ಪ್ರೋಗ್ರಾಮ್ ಬರೆದು ತಂದ. ಹೆಂಡತಿಗೆ ಎಂಟನೆಯ ಒಂದು, ತಾಯಿಗೆ ಆರನೆಯ ಒಂದು, ಉಳಿದದ್ದು ಮಕ್ಕಳಿಗೆ, ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಉತ್ತರ ಸರಿಬಂತು. ಅಕ್ಕ ಪಕ್ಕದಿಂದ, "ಗಂಡುಮಕ್ಕಳಿಲ್ಲದ ಮನೆಯಾದರೆ?" ಎಂದಳು. ಗಂಡುಮಕ್ಕಳ ಸಂಖ್ಯೆ ಸೊನ್ನೆ ಎಂದು ಹಾಕಿದಾಗ ಉಳಿದದ್ದನ್ನೆಲ್ಲ ಅದು ಹೆಣ್ಣುಮಕ್ಕಳಿಗೇ ಹಂಚಿಬಿಟ್ಟಿತು! ಒಬ್ಬಳೇ ಇದ್ದರೆ ಅರ್ಧ, ಇಬ್ಬರು ಅಥವಾ ಹೆಚ್ಚಿದ್ದರೆ ಮೂರರಲ್ಲಿ ಎರಡು ಎಂಬ ನಿಯಮವನ್ನು ಅವನು ಬರೆದಿರಲಿಲ್ಲ. ಅವಳೇ ಕುಳಿತು ತಿದ್ದಿದಳು.

ಕಳೆದ ವಾರ ಅವಳು ಇನ್ನೊಂದು ಪ್ರಶ್ನೆ ಕಳುಹಿಸಿದ್ದಾಳೆ: ಗಂಡ ಮತ್ತು ಇಬ್ಬರು ಸ್ವಂತ ಸಹೋದರಿಯರು ಉಳಿದರೆ ಅರ್ಧ ಮತ್ತು ಮೂರರಲ್ಲಿ ಎರಡು ಸೇರಿ ಆಸ್ತಿಯನ್ನೇ ಮೀರುತ್ತದಲ್ಲ, ಕಂಪ್ಯೂಟರಿಗೆ ಏನೆಂದು ಹೇಳುವುದು? ಉಮರ್(ರ)ರವರ ಖಿಲಾಫತ್ತಿನಲ್ಲಿ ಸಹಾಬಿಗಳನ್ನು ಕೂಡಿಸಿ ಸಮಾಲೋಚಿಸಿದ ಪ್ರಶ್ನೆಯಿದು. ಎಲ್ಲರ ಪಾಲನ್ನೂ ಪ್ರಮಾಣಕ್ಕೆ ತಕ್ಕಂತೆ ತಗ್ಗಿಸಿ, ಆರು ಭಾಗದ ಬದಲು ಏಳು ಭಾಗ ಮಾಡಿದರು. ಅದನ್ನು ವಿವರಿಸಲು ನನ್ನ ಹಳೆಯ ಕಿತಾಬನ್ನು ಧೂಳು ಕೊಡವಿ ತೆಗೆದಿಟ್ಟಿದ್ದೇನೆ.